ಗೊರಸಪ್ಪನ ಕೈಕೆಲಸ

ಮನೆಯವರು ಇಟ್ಟ ಹೆಸರು ಬೇರೆ. ಲಾಯದವರು ಕರೆದದ್ದು ಗೊರಸಪ್ಪ ಎಂದು. ಮೂವತ್ತು ವರ್ಷ ಬೆನ್ನು ಬಗ್ಗಿಸಿ, ಕುದುರೆಯ ಕಾಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಗೊರಸು ಕತ್ತರಿಸಿದ ಮನುಷ್ಯ. ಕತ್ತರಿಸಿದ ಮೇಲೆ ಅಂಚನ್ನು ಅರದಿಂದ ದುಂಡಗೆ ಉಜ್ಜುತ್ತಿದ್ದರು. ಚೂಪು ಅಂಚು ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ. ಹೊರಮೈಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಅದು ಗೊರಸಿನ ಚರ್ಮ ಕಣೇ. ಹೊಳಪಿಗೆ ಅಂತ ಉಜ್ಜಿದ್ರೆ ಒಣಗಿ ಒಡೆಯತ್ತೆ" ಎಂದು ಹೆಂಡತಿಗೆ ಹೇಳುತ್ತಿದ್ದರು.

ಕುದುರೆಯ ತಲೆ ಹಿಡಿದು ನಿಲ್ಲುತ್ತಿದ್ದವಳು ಅವಳೇ. ಹಟಮಾರಿ ಕುದುರೆ ಬಂದರೆ, "ನೀನೇ ಹಿಡಿ, ನಿಮ್ಮಿಬ್ಬರದೂ ಒಂದೇ ಬುದ್ಧಿ" ಎಂದು ರೇಗಿಸುತ್ತಿದ್ದರು.

ಅವರು ಎದೆನೋವಿನಿಂದ ತೀರಿಹೋಗಿ ನಾಲ್ಕು ತಿಂಗಳಾದ ಮೇಲೆ ಅವಳು ಅವರ ಸಾಮಾನು ತರಲು ಲಾಯಕ್ಕೆ ಹೋದಳು. ಅಲ್ಲಿ ಕಂದು ಹೆಣ್ಣು ಕುದುರೆ ಕುಂಟುತ್ತಿತ್ತು. ಮುಂಗಾಲಿನ ಗೊರಸು ಹಲ್ಲು ಮುರಿದ ಬಾಚಣಿಗೆಯಂತಾಗಿತ್ತು. ಮ್ಯಾನೇಜರ್ ಕುದುರೆಯ ಯಜಮಾನರಿಗೆ ಹೇಳುತ್ತಿದ್ದ: "ಎಲ್ಲ ಆ ಗೊರಸಪ್ಪನ ಕೆಲಸ ಸಾರ್. ಕೊನೆಕೊನೆಗೆ ಕಣ್ಣೂ ಕಾಣ್ತಿರ್ಲಿಲ್ಲ, ಕೈಯೂ ನಡುಗ್ತಿತ್ತು. ಅವನು ಕೆಡಿಸಿಟ್ಟಿದ್ದು ಈಗ ಹೊರಗೆ ಬರ್ತಿದೆ."

ಅವಳಿಗೆ ಮೈಯೆಲ್ಲ ಉರಿಯಿತು. ಸತ್ತವರ ಮೇಲೆ ಗೂಬೆ ಕೂರಿಸುವುದು ಸುಲಭ. ಎದ್ದು ಬಂದು ಕೇಳುವುದಿಲ್ಲವಲ್ಲ.

"ಏನಂದ್ರಿ?"

"ನೀನ್ಯಾಕಮ್ಮ ಮಧ್ಯ ಬಾಯಿ ಹಾಕ್ತೀಯ? ನಿನಗೇನು ಗೊತ್ತು?"

"ಓದು ಬರಲ್ಲ. ಗೊರಸು ಗೊತ್ತು."

ಕುದುರೆಯ ಭುಜ ಸವರಿ, ಕುಕ್ಕರುಗಾಲಲ್ಲಿ ಕೂತು ಗೊರಸಿನ ಮೇಲೆ ಬೆರಳಿಟ್ಟಳು. ಯಜಮಾನರ ಕಡೆ ತಿರುಗಿದಳು.

"ನೋಡಿ ಸ್ವಾಮಿ, ಗೊರಸು ಬೆಳೆಯೋದು ನಮ್ಮ ಉಗುರಿನ ಹಾಗೆ, ಮೇಲಿನ ಕೂದಲಂಚಿನಿಂದ ಕೆಳಕ್ಕೆ. ತಿಂಗಳಿಗೆ ಅರ್ಧ ಬೆರಳಗಲ. ಮೇಲಿನ ಈ ಎರಡು ಬೆರಳು ಅವರು ಸತ್ತ ಮೇಲೆ ಹುಟ್ಟಿದ್ದು. ಇಲ್ಲೂ ಅರದ ಗೀರಿದೆ, ಕೈಯಾಡಿಸಿ. ಸುಡುಗಾಡಿಂದ ಎದ್ದು ಬಂದು ಉಜ್ಜಿದ್ರಾ?"

ಯಜಮಾನರು ಕೈಯಾಡಿಸಿದರು. ಕುದುರೆ ನೋಡಿಕೊಳ್ಳುವ ಆಳು ಮೆಲ್ಲಗೆ ಬಾಯಿಬಿಟ್ಟ: "ಹೌದು ಸಾರ್. ಕೊಳ್ಳೋರ ಕಣ್ಣಿಗೆ ಹೊಳೀಬೇಕು ಅಂತ ಮ್ಯಾನೇಜರೇ ಗೊರಸು ಕತ್ತರಿಸೋ ಹೊಸಬನ ಹತ್ರ ಉಜ್ಜಿಸಿದ್ರು. ಗೊರಸಪ್ಪ ಇದ್ದಾಗ ಒಪ್ಪಿರ್ಲಿಲ್ಲ."

ಮ್ಯಾನೇಜರ್ ಇಂಗು ತಿಂದ ಮಂಗನಂತಾದ. "ಸರಿ ಬಿಡಮ್ಮ, ಆಗಿದ್ದಾಯ್ತು."

"ಬಿಡೋದೇನು? ಅವರ ತಪ್ಪಲ್ಲ ಅಂತ ಹೇಳಿ. ಹೆಸರು ಕೆಡಿಸುವಾಗ ಎಷ್ಟು ಗಟ್ಟಿಯಾಗಿ ಹೇಳಿದ್ರೋ ಅಷ್ಟೇ ಗಟ್ಟಿಯಾಗಿ."

ಅವನು ಯಜಮಾನರ ಮುಖ ನೋಡಿದ. ಅವರು ಅವಳ ಕಡೆ ಕೈ ತೋರಿಸಿದರು. ಕೊನೆಗೆ ಗಟ್ಟಿಯಾಗಿ ಹೇಳಿದ: "ಗೊರಸಪ್ಪನ ತಪ್ಪಲ್ಲ ಸಾರ್." ಲಾಯದ ಆ ತುದಿಯಲ್ಲಿ ಹುಲ್ಲು ಹಾಕುತ್ತಿದ್ದವರೂ ತಿರುಗಿ ನೋಡಿದರು.

ಅವಳು ಸಾಮಾನಿನ ಚೀಲ ಹೆಗಲಿಗೇರಿಸಿದಳು. ಹೋಗಲಿ ಬಿಡಿ ಎನ್ನಲಿಲ್ಲ.