ಕ್ಯಾಬಿನ್ ನೋಡಿಕೊಳ್ಳುತ್ತಿದ್ದವರು

ನನ್ನ ಹೆಂಡತಿಯೂ ಅವರೂ ಅಷ್ಟು ಹೊತ್ತು ಮಾತಾಡಿದರೇ, ಅಥವಾ ಹೊಟ್ಟೆಕಿಚ್ಚಿನಿಂದ ನನ್ನ ನೆನಪೇ ಆ ಹೊತ್ತನ್ನು ಹಿಗ್ಗಿಸಿದೆಯೇ, ಖಚಿತವಾಗಿ ಹೇಳಲಾರೆ. ನಾನು ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ, ಒಂದು ಬೇಸಿಗೆಯಲ್ಲಿ ನಾನೂ ಹೆಂಡತಿಯೂ ಆ ದೇಶದ ಉತ್ತರ ತುದಿಯ ಪುಟ್ಟ ಊರಿಗೆ ಹೋಗಿದ್ದೆವು. ಅಲ್ಲಿ ಪ್ರವಾಸಿಗರ ಮರದ ಕ್ಯಾಬಿನ್‌ಗಳನ್ನು ನೋಡಿಕೊಳ್ಳುತ್ತಿದ್ದವರು ವಿಜಾಪುರದ ಕಡೆಯವರು. ಕೀಲಿಯನ್ನು ಅಂಗಿಗೆ ಒರೆಸಿಯೇ ಕೈಗೆ ಕೊಡುತ್ತಿದ್ದರು. ಒಂದು ಪೆಟ್ರೋಲ್ ಬಂಕು, ಒಂದು ಅಂಗಡಿ, ಬಿಸಿ ಹಬೆಯಲ್ಲಿ ಕೂರುವ ಒಂದು ಸೌನಾ. ಮೂರನ್ನೂ ಗದ್ದದಲ್ಲೇ ತೋರಿಸಿ, “ಎಲ್ಲಾ ಅದ ನೋಡ್ರಿ ಇಲ್ಲೆ,” ಎಂದರು.

“ಚಾದಂಗಡಿ ಎಲ್ಲಿ ಅದ್ರಿ?” ಎಂದಳು ಧಾರವಾಡದ ನನ್ನ ಹೆಂಡತಿ.

“ನಾ ಇಲ್ಲೇನು? ಕುಂಡ್ರವಾ ತಂಗಿ. ಎಲ್ಲಾ ಅದ.”

“ಚಾಪುಡಿ ಜಾಸ್ತಿ ಹಾಕ್ರಿ ಅಣ್ಣಾ. ನಮ್ಮ ಮನಿಯವ್ರು ಮಾಡೂ ಚಾ ಬರೇ ಬಿಸಿನೀರು!”

ಮದುವೆಯಾಗಿ ಮೂರು ವರ್ಷವಾಗಿತ್ತು. ನನ್ನೊಡನೆ ಅವಳು ಆಡುತ್ತಿದ್ದದ್ದು ಬೆಂಗಳೂರಿನ ಕನ್ನಡ. ಈಗ ಅವಳ ಮಾತೇ ಹಾಗಾಗಿದೆ ಎಂದುಕೊಂಡಿದ್ದೆ. ಮೂರು ವರ್ಷದಲ್ಲಿ ನನಗೆ ಸಿಗದ ಹೆಂಡತಿ ಅವರಿಗೆ ಒಂದು ಲೋಟ ಚಹಾಕ್ಕೆ ಸಿಕ್ಕಿದ್ದಳು. ನಾನು ಪಕ್ಕದಲ್ಲಿ ಪರ ಊರಿನವನಂತೆ ಕುಳಿತಿದ್ದೆ.

ಅವಳ ಮಾತಿನ ವಿಷಯವೊಂದನ್ನು ಮಾತ್ರ ಆಮೇಲೆ ಅವಳ ಅಕ್ಕನಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೆ. “ಮನ್ಯಾಗ ಅಕಿ ಯಾವತ್ತೂ ಹಂಗ ಮಾತಾಡಾಕಿ ರೀ,” ಎಂದರು. “ಮದುವಿ ಆದ ಹೊಸದಾಗಿ ನೀವು ಅಕಿ ಮಾತಿಗೆ ನಕ್ಕಿದ್ರಂತಲ್ಲ, ಅದಕ್ಕ ನಿಮ್ಮ ಮುಂದ ಅಷ್ಟ ಬಿಟ್ಟಾಳ.”