ಮುಚ್ಚಳ ಬಿದ್ದರೂ ಏಳದ ಕೊಟ್ಟಿಗೆ

ಮೂರನೇ ಕೊಟ್ಟಿಗೆಯ ದಾಖಲೆ ಪುಸ್ತಕದಿಂದ ಆರು ಹಾಳೆ ಕಿತ್ತಿದ್ದಾರೆ. ಬರೆದವಳನ್ನು ಕೇಳಿಲ್ಲ.

ಬರೆದವಳು ತೂಕದಕ್ಕ. ಹಂದಿತಳಿ ಸಂಶೋಧನಾ ಕೇಂದ್ರದಲ್ಲಿ ಹದಿನೇಳು ವರ್ಷದಿಂದ ತಕ್ಕಡಿ ಹಿಡಿದಾಕೆ. ಬೆಳಗಿನ ಐದೂವರೆಗೆ ಮೊದಲ ಕೊಟ್ಟಿಗೆಯ ಅಗುಳಿ ಸರಿಸುತ್ತಿದ್ದಂತೆ ನಲವತ್ತು ಹಂದಿಗಳು ಸೂರು ಹಾರುವಂತೆ ಕಿರುಚುತ್ತವೆ. "ತಡ್ಕೊಳ್ರೋ ಹೊಟ್ಟೆಬಾಕರಾ, ನಂದಿನ್ನೂ ಕಾಫಿನೇ ಆಗಿಲ್ಲ" ಎಂದು ಗದರುತ್ತಾಳೆ.

ಮೂರನೆಯದರ ಮುಂದೆ ಆಕೆ ಕೆಮ್ಮುತ್ತಾಳೆ, ಯಾರದೋ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಬಂದವಳಂತೆ. ಒಳಗೆ ಸದ್ದಿಲ್ಲ. ನಲವತ್ತೂ ಎಚ್ಚರವಾಗಿಯೇ ಮಲಗಿವೆ. ಎಂಬತ್ತು ಕಣ್ಣು ತೊಟ್ಟಿಯಿಂದ ತೊಟ್ಟಿಗೆ ಆಕೆಯ ಹಿಂದೆಯೇ ಸರಿಯುತ್ತವೆ. ಕತ್ತು ಮಾತ್ರ ಅಲುಗುವುದಿಲ್ಲ.

ಇವು ಕೇಂದ್ರದ ಮುಖ್ಯಸ್ಥ ಸಾಹೇಬರ 'ಮಿತಾಹಾರಿ' ತಳಿ. ಕಡಿಮೆ ತಿಂದು ಅಷ್ಟೇ ಬೆಳೆಯುವ ಗುಣ ರಕ್ತದಲ್ಲಿ ಇಳಿದು ಬರುತ್ತದೆ. ಒಂದೇ ವಂಶವಾಹಿಯ ಕೆಲಸವಲ್ಲ ಅದು. ನೂರಾರು ಸೇರಿ, ಒಂದೊಂದೂ ಸಾಸಿವೆಯಷ್ಟು ಕೈಯಾಡಿಸುತ್ತವೆ. ಅಂಥ ಹಂದಿಗಳನ್ನೇ ಆರಿಸಿ ಕೂಡಿಸಿ ಆರು ತಲೆಮಾರಾಯಿತು. ಮೊದಲ ಕೊಟ್ಟಿಗೆಯ ಹಂದಿಗೆ ದಿನಕ್ಕೆ ಎರಡು ಕಿಲೋ ಆರುನೂರು ಗ್ರಾಂ ಬೇಕು, ಇಲ್ಲಿಯದಕ್ಕೆ ಎರಡು ಕಿಲೋ ನೂರು ಸಾಕು. ಹಾಕಿದ್ದು, ಮಿಕ್ಕಿದ್ದು ಎಲ್ಲವನ್ನೂ ತೂಗಿದ್ದು ತೂಕದಕ್ಕ. ವರದಿಯಲ್ಲಿ ಕೋಣದಂತೆ ಬೆಳೆದ ಗಂಡುಹಂದಿಯ ಫೋಟೊ ಇದೆ, ಆಕೆಯ ಹೆಸರಿಲ್ಲ.

ಎಂಟು ವರ್ಷದ ಹಿಂದೆ, ಮೊದಲ ತಲೆಮಾರಿನ ಕಾಲಕ್ಕೆ, ಇದೇ ಕೊಟ್ಟಿಗೆಯಲ್ಲಿ ಆಕೆಯ ಕೈಯಿಂದ ಮೇವಿನ ಡಬ್ಬದ ತಗಡು ಮುಚ್ಚಳ ಜಾರಿ ಬಿತ್ತು. ನಲವತ್ತರಲ್ಲಿ ಮೂವತ್ತೆಂಟು ಹಂದಿ ಬೆಚ್ಚಿ ಎದ್ದವು. ಎರಡು ಏಳಲಿಲ್ಲ. ಆ ಎರಡರ ಯೋಚನೆ ಆಕೆಯನ್ನು ಬಿಡಲಿಲ್ಲ, ಒಂದು ಹಾಳೆಯಲ್ಲಿ ಬರೆದಿಟ್ಟಳು. ಅಂದಿನಿಂದ ಪ್ರತಿ ತಲೆಮಾರಿಗೂ ಬೇಕೆಂದೇ ಮುಚ್ಚಳ ಬೀಳಿಸಿ, ಎದ್ದವನ್ನು ಎಣಿಸಿ, ಒಂದೊಂದು ಹಾಳೆ ಬರೆದಳು. ಮೂವತ್ತೊಂದು. ಇಪ್ಪತ್ತೆರಡು. ಒಂಬತ್ತು. ಎರಡು. ಈ ಸಲ ಸೊನ್ನೆ.

"ತಿನ್ನೋದು ಉಳಿಸ್ತು, ಸರಿ. ಎಲ್ಲಿಂದ ಉಳಿಸ್ತು? ಏಳೋದ್ರಿಂದ, ಕೂಗೋದ್ರಿಂದ, ಹೆದರೋದ್ರಿಂದ" ಎನ್ನುತ್ತಾಳೆ. ಹೋದ ವಾರ ಬಾಣಂತಿ ಹಂದಿಯೊಂದರ ಅಡಿಯಲ್ಲಿ ಅದರದೇ ಮರಿ ಸಿಕ್ಕಿ ಅರಚಿತು. ತಾಯಿ ಮಿಸುಕಲಿಲ್ಲ. ಅಕ್ಕ ಓಡಿ ಬರುವಷ್ಟರಲ್ಲಿ ಮರಿ ತಣ್ಣಗಾಗಿತ್ತು. "ತಾಯಿ ನನ್ನೇ ನೋಡ್ತಿತ್ತು, ಎಮ್ಮೆ ಮೇಲೆ ಮಳೆ ಸುರಿದ ಹಾಗೆ." ಅದನ್ನೂ ಬರೆದಿದ್ದಳು.

ಮನೆಯೆಂದರೆ ಒಂದೇ ಕೋಣೆ. ಫೀಡ್ ಗಿರಣಿಯ ಧೂಳು ಕುಡಿದು ದಮ್ಮು ಹತ್ತಿದ ಗಂಡ, ಬಾಯಿಬಡುಕಿ ಅತ್ತೆ. "ಹಂದಿ ಊಟ ತೂಗಿದ್ದಾಯ್ತು, ಇನ್ನು ನನ್ನ ತಟ್ಟೆಗೂ ತಕ್ಕಡಿ ತರ್ತಾಳೆ ಇವಳು" ಎಂದು ಅತ್ತೆ ಕುಟುಕುತ್ತಾಳೆ. ಅಕ್ಕನದು ವರ್ಷಕ್ಕೊಮ್ಮೆ ಮುಂದುವರಿಸುವ ಗುತ್ತಿಗೆ ಕೆಲಸ. ಆ ಕಾಗದ ಈಗ ಸಾಹೇಬರ ಸಹಿಗೆ ಕಾದಿದೆ. ಬರುವ ತಿಂಗಳು ಈ ತಳಿ ನೂರಾರು ಸಾಕಣೆದಾರರ ಮನೆಗೆ ಹೋಗಲಿದೆ.

ಸಾಹೇಬರು ಆರು ಖಾಲಿ ಹಾಳೆ ಹಿಡಿದು ಕೊಟ್ಟಿಗೆಗೇ ಬಂದಿದ್ದಾರೆ.

"ಅಕ್ಕಾ, ಆರಕ್ಕೂ 'ವರ್ತನೆ ಸಹಜ' ಅಂತ ಬರೆದ್ಬಿಡಿ. ನಿಮ್ಮ ಅಕ್ಷರದಲ್ಲೇ ಇರ್ಲಿ. ನಿಮ್ಮ ಕಾಗದಕ್ಕೂ ಇವತ್ತೇ ಸಹಿ ಹಾಕ್ತೀನಿ."

ತೂಕದಕ್ಕ ಡಬ್ಬದ ಮುಚ್ಚಳವನ್ನು ಸಿಮೆಂಟು ನೆಲಕ್ಕೆ ಬಿಡುತ್ತಾಳೆ. ಸದ್ದು ಗೋಡೆಗೆ ಬಡಿದು ಮರಳುತ್ತದೆ. ನಲವತ್ತು ಹಂದಿಗಳಲ್ಲಿ ಒಂದರ ಕಿವಿಯೂ ಅಲುಗುವುದಿಲ್ಲ. ಸಾಹೇಬರು ಬಾಗಿಲತನಕ ಹಿಂದೆ ಸರಿದಿದ್ದಾರೆ.

"ಇವತ್ತು ಬೆಚ್ಚಿದ್ದು ಒಬ್ರೇ ಸಾರ್. ಬೇಕಾದ್ರೆ ಅದನ್ನ ಬರೀತೀನಿ" ಎನ್ನುತ್ತಾಳೆ, ಪೆನ್ನನ್ನು ಸೆರಗಿಗೆ ಸಿಕ್ಕಿಸಿಕೊಂಡು. "ಸಹಜ ಅಂತ ಬರೆಯಲ್ಲ."