ಸುಮಂಗಲಕ್ಕನ ಎರಡನೇ ವರ್ಷ

ಮೊನ್ನೆ ಸ್ಕೂಟರಿಗೆ ಬ್ರೇಕ್ ವೈರು ಹಾಕಿಸಲು ಹೋಗಿದ್ದೆ. ಅಂಗಡಿಯವನು ಒಂದು ಡಬ್ಬಿಯ ಮುಚ್ಚಳ ತೆಗೆದ. ಗ್ರೀಸು, ರಬ್ಬರು, ಹೊಸ ರಟ್ಟು ಎಲ್ಲ ಕೂಡಿದ ವಾಸನೆ. ನಿಮಗೆ ಮಲ್ಲಿಗೆಯಿಂದಲೋ ಒಗ್ಗರಣೆಯಿಂದಲೋ ಹಳಬರು ನೆನಪಾಗುತ್ತಿರಬಹುದು. ನನಗೆ ನಮ್ಮ ಸುಮಂಗಲಕ್ಕ ನೆನಪಾಗುವುದು ಗ್ರೀಸಿನಿಂದ. ಇದನ್ನು ಅವಳೆದುರು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಅವಳು ನನ್ನ ದೊಡ್ಡಪ್ಪನ ಮಗಳು. ಅವರ ಮನೆ ಹುಮನಾಬಾದಿನಲ್ಲಿ, ನಮ್ಮದು ಬಸವಕಲ್ಯಾಣದಲ್ಲಿ. ಲಾರಿ ರಿಪೇರಿಯ ಗ್ಯಾರೇಜುಗಳು ನಮ್ಮೂರಲ್ಲಿ ಹೆಚ್ಚಾದ್ದರಿಂದ ದೊಡ್ಡಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿಯೂ ಇಲ್ಲೇ ಇತ್ತು. ತೊಂಬತ್ತರ ದಶಕದ ನಡುವಿನ ಮಾತು. ಅಕ್ಕ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ದೊಡ್ಡಪ್ಪ ಮಂಠಾಳದ ಹತ್ತಿರ ಮೋಟಾರ್ ಸೈಕಲ್ಲಿನಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಅಂಗಡಿ ಮುಚ್ಚುವುದೇ ಮೇಲು ಎಂದು ಎಲ್ಲರೂ ಹೇಳಿದರು. ಅಕ್ಕ ಕೀಲಿಕೈ ತೆಗೆದುಕೊಂಡು ಬಸ್ಸು ಹತ್ತಿದಳು.

ಮೊದಮೊದಲು ಡ್ರೈವರುಗಳು ಅವಳ ತಲೆಯ ಮೇಲಿಂದ ಒಳಗೆ ಇಣುಕಿ ಸೇಠ್ ಎಲ್ಲಿ ಎಂದು ಕೇಳುತ್ತಿದ್ದರಂತೆ. ದೀಪಾವಳಿ ಹೊತ್ತಿಗೆ ಅವಳನ್ನೇ ದೀದಿ ಎನ್ನತೊಡಗಿದ್ದರು. ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದರೆ ಉಗುರು ಸಂದಿಯ ಕಪ್ಪು ಹೋಗುವವರೆಗೆ ಕೈ ತಿಕ್ಕುವಳು. ಅವ್ವ ರೊಟ್ಟಿ ಆರಿತೆಂದು ಗೊಣಗುವಳು. ಕಾಲೇಜಿಗೆ ಹೋದದ್ದು ಅಷ್ಟಕ್ಕಷ್ಟೆ. ಆ ವರ್ಷ ಹೇಗೋ ಪಾಸಾದಳು. ದೊಡ್ಡಪ್ಪ ಕೋಲು ಹಿಡಿದು ಅಂಗಡಿಗೆ ಮರಳಿದ ಮೇಲೆ, ಮೂರನೇ ವರ್ಷ, ಫಸ್ಟ್ ಕ್ಲಾಸ್ ಅಂಕ ತೆಗೆದಳು.

ಅವಳಿಗೆ ಎಂ.ಬಿ.ಎ. ಮಾಡುವ ಆಸೆ. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕೂ ಬಂದಿತ್ತು. ಆದರೆ ಮೂರೂ ವರ್ಷ ಕೂಡಿಸಿದರೆ ಸರಾಸರಿ ಸೀಟಿಗೆ ಬೇಕಾದ ಶೇಕಡಾ ಐವತ್ತು ಮುಟ್ಟುತ್ತಿರಲಿಲ್ಲ, ಕೂದಲೆಳೆಯಷ್ಟು ಕಡಿಮೆ. ಕಲಬುರಗಿಯ ಕಾಲೇಜಿನ ಗುಮಾಸ್ತ ಅರ್ಜಿಯನ್ನು ಅಲ್ಲಿಂದಲೇ ತಿರುಗಿಸಿದ.

ಎಲ್ಲದಕ್ಕೂ ದಾರಿ ಬಲ್ಲ ನೆಂಟರೊಬ್ಬರು ಬಂದು, ಮನೆಯಲ್ಲೇ ಕೂತು ಪರವೂರಿನ ಡಿಗ್ರಿ ತರಿಸಬಹುದು, ಅಂಕ ಎಷ್ಟು ಬೇಕೋ ಅಷ್ಟು ಎಂದರು. ಅಕ್ಕ ಅವರಿಗೆ ಚಹಾ ಕೊಟ್ಟಳು.

“ಬ್ಯಾಡ್ರಿ ಕಾಕಾ. ಕೆಟ್ಟಿದ್ದು ನನ್ನ ವರ್ಷ. ನಾನೇ ಸರಿ ಮಾಡ್ಕೋತೀನ್ರಿ,” ಎಂದಳು.

ಕಡಿಮೆ ಬಂದ ವಿಷಯಗಳನ್ನು ಮತ್ತೆ ಬರೆಯಲು ಆಗ ಅವಕಾಶವಿತ್ತು. ಆದರೆ ಕೊಡಂಬಲದ ಒಂದು ಒಳ್ಳೆಯ ಸಂಬಂಧ ಬಾಗಿಲಿಗೆ ಬಂದು ನಿಂತಿತ್ತು. ಅಕ್ಕ ಅಪ್ಪನ ಹತ್ತಿರ ಒಂದು ವರ್ಷ ಬೇಡಿದಳು. ದೊಡ್ಡಪ್ಪ ಬಹಳ ಮಾತಿನವರಲ್ಲ.

“ನಾ ಬಿದ್ದಾಗ ನೀ ನಿಂತಿ. ಈಗ ಅಂಗಡ್ಯಾಗ ನಾ ಕೂಡ್ತೀನಿ, ನೀ ಓದವ್ವ,” ಎಂದರು. ಕೊಡಂಬಲದವರು ಕಾಯಲಿಲ್ಲ.

ಆ ವರ್ಷ ಅವಳು ನಮ್ಮ ಮಾಳಿಗೆಯ ಕೋಣೆಯಲ್ಲಿ ಉಳಿದು ಓದಿದಳು. ಪ್ರಶ್ನೆ ಕೇಳುವ ಕೆಲಸ ಆಗಿನ್ನೂ ಶಾಲೆಗೆ ಹೋಗುತ್ತಿದ್ದ ನನ್ನದು. ಸವಕಳಿ ಲೆಕ್ಕದ ಡಿಪ್ರಿಸಿಯೇಶನ್ ಎಂಬ ಶಬ್ದ ನನ್ನ ಬಾಯಲ್ಲಿ ಪಡುತ್ತಿದ್ದ ಪಾಡಿಗೆ ನಕ್ಕೂ ನಕ್ಕೂ ಆ ಪಾಠ ಅವಳಿಗೆ ಗಟ್ಟಿಯಾಯಿತು. ನನ್ನ ವಿದ್ಯೆಯಿಂದ ಯಾರಿಗಾದರೂ ಉಪಕಾರವಾದದ್ದು ಅದೊಂದೇ ಸಲ.

ಸರಾಸರಿ ಐವತ್ತು ದಾಟಿತು. ಸಂದರ್ಶನದಲ್ಲಿ ಹಿರಿಯ ಪ್ರಾಧ್ಯಾಪಕರು, ಎರಡನೇ ವರ್ಷವನ್ನು ಎರಡು ಸಲ ಯಾಕೆ ಬರೆದೆ ಎಂದು ಕೇಳಿದರಂತೆ. ಅಂಗಡಿ ನಡೆಸುತ್ತಿದ್ದೆ ಎಂದಷ್ಟೇ ಹೇಳಿದಳಂತೆ. ಅವರು ಅಂಗಡಿಯ ಬಗ್ಗೆ ಕೇಳುತ್ತ ಹೋದರು, ಇವಳು ಹೇಳುತ್ತ ಹೋದಳು. ಹೊರಗೆ ಕಾಯುತ್ತಿದ್ದವರೆಲ್ಲ ಬೇಸತ್ತರಂತೆ. ಸೀಟು ಸಿಕ್ಕಿತು. ಅಪ್ಪನ ಕಾಲು ಮುರಿದದ್ದನ್ನು ಯಾಕೆ ಹೇಳಲಿಲ್ಲ ಎಂದು ನಾನು ಆಮೇಲೆ ಕೇಳಿದೆ.

“ಕನಿಕರಕ್ಕ ಕೊಟ್ಟ ಸೀಟಿನ ಮ್ಯಾಲೆ ಹ್ಯಾಂಗ ಕೂಡ್ಲೋ?” ಎಂದಳು.

ಎರಡು ಸಾವಿರದ ಇಸವಿಯ ಈಚೆಗೆ ಅವಳು ಅಂಥದೇ ಒಂದು ಕಾಲೇಜಿನಲ್ಲಿ ಪಾಠ ಹೇಳತೊಡಗಿ, ಪ್ರವೇಶದ ಸಂದರ್ಶನಕ್ಕೂ ಕೂರತೊಡಗಿದಳು. ಸರಾಸರಿ ಕಡಿಮೆ ಇದ್ದ ಹುಡುಗರನ್ನೂ ಒಳಗೆ ಸೇರಿಸಿಕೊಳ್ಳುತ್ತೀಯಾ ಎಂದು ಒಮ್ಮೆ ಚುಡಾಯಿಸಿದೆ. ನಿಯಮ ನಿಯಮವೇ ಎಂದಳು. “ಆದ್ರ ಐವತ್ತು ದಾಟಿದವರದೂ ವರ್ಷಾ ವರ್ಷಾ ಬಿಡಿಸಿ ನೋಡ್ತೀನಿ. ಎಲ್ಲಿ ಬಿದ್ರು, ಹ್ಯಾಂಗ ಎದ್ರು ಅನ್ನೋದು ಕೂಡಿಸಿದ್ರಾಗ ಕಾಣಂಗಿಲ್ಲ,” ಎಂದಳು.

ಇದನ್ನೆಲ್ಲ ನೆನೆಯುತ್ತಿದ್ದ ವಾರದಲ್ಲೇ ನನ್ನ ಮಗಳ ಸೆಮಿಸ್ಟರ್ ಫಲಿತಾಂಶ ಬಂತು. ಅಂಕ ಇಳಿದಿದ್ದವು. ಬೈಯಲೆಂದೇ ಅವಳನ್ನು ಕರೆದೆ. ಅವಳು ಬೈಸಿಕೊಳ್ಳಲು ತಯಾರಾಗಿ ಬಾಗಿಲಲ್ಲೇ ನಿಂತಳು.

“ಈ ಸೆಮಿಸ್ಟರ್ ಹೊತ್ತಿನಾಗ ಏನಾಗಿತ್ತವ್ವ?” ಎಂದು ಕೇಳಿದೆ.

ಅವಳು ಬಾಗಿಲು ಬಿಟ್ಟು ಒಳಗೆ ಬಂದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಮೊದಲಿಂದ ಹೇಳತೊಡಗಿದಳು.